ರಿಮೋಟ್ ಹಿಡಿಯೋ ಕೈ ಯಾರದು?

ಹೋದ ದೀಪಾವಳಿಗೆ ಸಾಗರಕ್ಕೆ ಹೋದಾಗ ಮೊದಲು ಕಣ್ಣಿಗೆ ಬಿದ್ದಿದ್ದು ಟೀವಿ. ಅದರ ಮೇಲೆ ಅಮ್ಮ ಹೆಣೆದ ಕ್ರೋಶಾ ಬಟ್ಟೆ ಇಳಿಬಿಟ್ಟಿತ್ತು. ಪಕ್ಕದ ಶೋಕೇಸಿನಲ್ಲಿ, ಅಪ್ಪನ ಫೋಟೋ ಹತ್ತಿರ, ಜುಲೈನಲ್ಲಿ ನಾನೇ ತಂದುಕೊಟ್ಟ ಸ್ಟ್ರೀಮಿಂಗ್ ಸ್ಟಿಕ್ಕಿನ ರಿಮೋಟ್. ಧೂಳು ಹಿಡೀಬಾರದು ಅಂತ ಪ್ಲಾಸ್ಟಿಕ್ ಕವರಿಗೆ ಹಾಕಿ, ರಬ್ಬರ್ ಬ್ಯಾಂಡ್ ಸುತ್ತಿ ಇಟ್ಟಿದ್ದಳು.

"ಅಮ್ಮ, ಟೀವಿ ನೋಡ್ತಿಲ್ವಾ?"

"ನೋಡ್ತೀನಲ್ಲ..." ಅಂದವಳು ಹೋಳಿಗೆ ಕಣಕ ನಾದೋದ್ರಲ್ಲಿ ಮುಳುಗಿಬಿಟ್ಟಳು.

ವಿಷಯ ಹೊರಬಂದಿದ್ದು ಮಾರನೇ ದಿನ, ಪಕ್ಕದ ಮನೆಯವರ ಬಾಯಿಂದ. "ನಿಮ್ಮಮ್ಮ ದಿನಾ ಬೆಳಗ್ಗೆ ಹಾಲಿಗೆ ಬಂದಾಗ ಹಿಂದಿನ ದಿನದ ಧಾರಾವಾಹಿ ಕತೆ ಕೇಳ್ಕೊಂಡು ಹೋಗ್ತಾರೆ. ಮಗಳು ರಾತ್ರಿ ಕೇಳ್ತಾಳೆ, ಹೇಳ್ಬೇಕು ಅಂತಾರೆ."

ನನಗೆ ನಿಂತ ನೆಲ ಕುಸಿದ ಹಾಗಾಯ್ತು. ಮೂರೂವರೆ ತಿಂಗಳು ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ "ಏನ್ ನೋಡಿದ್ಯಮ್ಮ ಇವತ್ತು?" ಅಂತ ಕೇಳ್ತಿದ್ದೆ. ಅವಳು ಪಾಠ ಒಪ್ಪಿಸೋ ಹಾಗೆ ಕತೆ ಹೇಳ್ತಿದ್ದಳು. "ಚೆನ್ನಾಗಿ ಬರ್ತಿದೆ ಪುಟ್ಟಿ, ನೀನೇನೂ ಯೋಚನೆ ಮಾಡ್ಬೇಡ" ಅಂತಿದ್ದಳು. ಅಷ್ಟೂ ದಿನ ಆ ಮನೆಯಲ್ಲಿ ಇದ್ದದ್ದು ಭದ್ರಾವತಿ ಆಕಾಶವಾಣಿ, ಅದೂ ಸಿಗ್ನಲ್ ಸರಿಯಾಗಿ ಸಿಕ್ಕಿದಾಗ.

ಅಪ್ಪ ಹೋಗಿ ಎರಡು ವರ್ಷ ಆಯ್ತು. ಸಂಜೆ ಏಳರಿಂದ ಹತ್ತು, ಆ ಮೂರು ಗಂಟೆ ಅಮ್ಮನಿಗೆ ಕಷ್ಟ ಅಂತ ನನಗೆ ಗೊತ್ತಿತ್ತು. ಆ ಹೊತ್ತಿಗೆ ಮನೆಯಲ್ಲೊಂದು ಮಾತಿನ ಸದ್ದು ಇರಲಿ ಅಂತಲೇ ನಾನು ಅಷ್ಟು ದುಡ್ಡು ಕೊಟ್ಟು ಸ್ಟಿಕ್ ತಂದಿದ್ದು. ತಂದ ಮೇಲೆ ಇದ್ದ ಸದ್ದೂ ನಿಂತುಹೋಗಿತ್ತು.

ಎಲ್ಲಿ ತಪ್ಪಿದೆ ಅಂತ ಇವತ್ತು ಬರೀತಿದ್ದೀನಿ. ನಿಮ್ಮಲ್ಲೂ ಬಹಳ ಜನ ಊರಿನ ಮನೆಗೆ ಇಂಥದ್ದೊಂದು ಕೊಂಡುಕೊಡೋ ಯೋಚನೆಯಲ್ಲಿರ್ತೀರಿ.

ಜುಲೈನಲ್ಲಿ ನಾನು ಮಾಡಿದ್ದು

ಮಲೆನಾಡಿನ ಮಳೆ ಗೊತ್ತಲ್ಲ. ಜೋರು ಮಳೆ ಬಂದರೆ ಡಿಶ್ ಸಿಗ್ನಲ್ ಮಾಯ. "ಇದೆಲ್ಲ ಹಳೇ ಕಾಲದ್ದು ಅಮ್ಮ, ಈಗ ಎಲ್ಲ ಇಂಟರ್ನೆಟ್ಟಲ್ಲೇ ಬರುತ್ತೆ" ಅಂತ ಡಿಟಿಎಚ್ ರೀಚಾರ್ಜ್ ನಿಲ್ಲಿಸಿದೆ. ನಾನು ವರ್ಕ್ ಫ್ರಮ್ ಹೋಮ್ ಮಾಡ್ತಿದ್ದಾಗ ಹಾಕಿಸಿದ ಫೈಬರ್ ಹೇಗೂ ಇತ್ತು. ನಾಲ್ಕು ರಿವ್ಯೂ ನೋಡಿ, ಇದ್ದದ್ದರಲ್ಲಿ ಫಾಸ್ಟ್ ಆಗಿರೋ 4ಕೆ ಸ್ಟಿಕ್ ತರಿಸಿದೆ. ಟೀವಿ ಹಿಂದೆ ಚುಚ್ಚಿ, ನನ್ನ ಅಕೌಂಟುಗಳನ್ನೆಲ್ಲ ಲಾಗಿನ್ ಮಾಡಿ, ಅಮ್ಮನ ಮುಂದೆ ಪಟಪಟ ಅಂತ ತೋರಿಸಿ, ಭಾನುವಾರ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ವಾಪಸ್.

ನಾನು ಆಫೀಸಿನಲ್ಲಿ ಟೆಸ್ಟಿಂಗ್ ಟೀಮಿನಲ್ಲಿರೋಳು. ಬಳಸೋರಿಗೆ ಎಲ್ಲಿ ಕಷ್ಟ ಆಗುತ್ತೆ ಅಂತ ಹುಡುಕೋದಕ್ಕೇ ನನಗೆ ಸಂಬಳ ಕೊಡ್ತಾರೆ. ಅಮ್ಮನ ಕೈಗೆ ಆ ರಿಮೋಟ್ ಕೊಟ್ಟು "ನೀನೇ ಹಾಕು ನೋಡೋಣ" ಅಂತ ಒಂದು ಸಲವೂ ಹೇಳಲಿಲ್ಲ.

ದೀಪಾವಳಿಗೆ ಹೇಳಿದೆ. ಸುಮ್ಮನೆ ಪಕ್ಕದಲ್ಲಿ ಕೂತು ನೋಡಿದೆ. ಹತ್ತೇ ನಿಮಿಷದಲ್ಲಿ ಎಲ್ಲ ಗೊತ್ತಾಯ್ತು.

ಒಂದು: ಕರೆಂಟು ಹೋಗಿ ಬಂದಾಗ ಟೀವಿ ತಾನಾಗಿ ಎಚ್‌ಡಿಎಂಐ 1ಕ್ಕೆ ಹೋಗ್ತಿತ್ತು. ಮೊದಲು ಡಿಟಿಎಚ್ ಬಾಕ್ಸ್ ಇದ್ದ ಜಾಗ ಅದು. ಸ್ಟಿಕ್ ಇದ್ದದ್ದು 2ರಲ್ಲಿ. "ನೋ ಸಿಗ್ನಲ್" ಅಂತ ಬಂದರೆ ಅಮ್ಮನ ಪಾಲಿಗೆ ಟೀವಿ ಕೆಟ್ಟಿತು ಅಂತಲೇ ಅರ್ಥ.

ಎರಡು: ಆಪ್ ಯಾವತ್ತೋ ತಾನಾಗಿ ಲಾಗ್‌ಔಟ್ ಆಗಿತ್ತು. ಮತ್ತೆ ಒಳಗೆ ಹೋಗೋಕೆ ಒಟಿಪಿ ಬೇಕು. ಒಟಿಪಿ ಬರೋದು ನನ್ನ ಫೋನಿಗೆ, ನಾನು ಬೆಳ್ಳಂದೂರಿನಲ್ಲಿ ಮೀಟಿಂಗಿನಲ್ಲಿ. ಒಂದು ಸಲ ಫೋನ್ ಮಾಡಿದ್ದಳಂತೆ. "ಆಮೇಲೆ ಮಾಡ್ತೀನಮ್ಮ" ಅಂತ ಇಟ್ಟಿದ್ದೆನಂತೆ. ಆಮೇಲೆ ಮಾಡಿದಾಗ ಬೇರೆ ಏನೋ ಮಾತಾಡಿದ್ದೆ.

ಮೂರನೆಯದು ಇನ್ನೂ ಮನಸ್ಸಿನಲ್ಲಿ ಚುಚ್ತಾ ಇದೆ. ಆಪ್ ತೆರೆದರೆ "ಯಾರು ನೋಡ್ತಿದ್ದೀರಿ?" ಅಂತ ಕೇಳಿ ಹೆಸರುಗಳನ್ನು ತೋರಿಸುತ್ತಲ್ಲ? ಅಲ್ಲಿ ನನ್ನ ಹೆಸರಿತ್ತು, ನನ್ನ ಗಂಡನ ಹೆಸರಿತ್ತು, ಮಕ್ಕಳದ್ದು ಅಂತ ಒಂದಿತ್ತು.

"ನನ್ನ ಹೆಸರೇ ಇರ್ಲಿಲ್ಲ ಪುಟ್ಟಿ. ನಿಮ್ಮದನ್ನ ಒತ್ತಿ ಏನಾದ್ರೂ ಹಾಳಾದ್ರೆ ಅಂತ ಬಿಟ್ಟುಬಿಟ್ಟೆ."

ಅಂಗಡಿಗೆ ಹೋಗೋ ಮುಂಚೆ ಟೀವಿ ಹಿಂದೆ ಹೋಗಿ

ಈಗ ಕೆಲಸದ ಮಾತು. ಸ್ಟಿಕ್ ಆಗಲಿ ಬಾಕ್ಸ್ ಆಗಲಿ, ಕೊಳ್ಳೋ ಮುಂಚೆ ಟೀವಿಯ ಹಿಂಭಾಗದ ಫೋಟೋ ತೆಗೆಸಿ ತರಿಸಿಕೊಳ್ಳಿ. ಎಚ್‌ಡಿಎಂಐ ಪೋರ್ಟ್ ಎಷ್ಟಿವೆ, ಎಷ್ಟು ಖಾಲಿ ಇವೆ ನೋಡಿ. ಹಳೇ ಡಬ್ಬಾ ಟೀವಿಯಾಗಿದ್ದು ಕೆಂಪು-ಹಳದಿ-ಬಿಳಿ ತೂತು ಮಾತ್ರ ಇದ್ದರೆ ಸ್ಟಿಕ್ ನೇರವಾಗಿ ಕೂರಲ್ಲ, ನಡುವೆ ಕನ್ವರ್ಟರ್ ಬೇಕು. ಟೀವಿ ಗೋಡೆಗೆ ಅಂಟಿಕೊಂಡಿದ್ದರೆ ಹಿಂದೆ ಸ್ಟಿಕ್ ಹಿಡಿಸೋಷ್ಟು ಜಾಗ ಇರೋದಿಲ್ಲ, ಆಗ ಚಿಕ್ಕ ಎಕ್ಸ್‌ಟೆಂಡರ್ ಕೇಬಲ್ ಬೇಕಾಗುತ್ತೆ.

ಟೀವಿಯ ರೆಸಲ್ಯೂಷನ್ ನೋಡಿ. ಅಪ್ಪ ತಂದಿದ್ದು 32 ಇಂಚಿನ ಎಚ್‌ಡಿ ರೆಡಿ ಟೀವಿ, 1366×768. ಅದಕ್ಕೆ ನಾನು ಹಾಕಿದ್ದು 3840×2160ರ ಸ್ಟಿಕ್. ಚಿತ್ರ ಒಂದು ಚೂರೂ ಹೆಚ್ಚು ಚೆಂದ ಕಾಣಲಿಲ್ಲ. ಪ್ರೊಸೆಸರ್ ಚುರುಕು ಅನ್ನೋದು ಬಿಟ್ಟರೆ ಕೊಟ್ಟ ಹೆಚ್ಚಿನ ದುಡ್ಡು ದಂಡ. ಟೀವಿ 4ಕೆ ಆಗಿದ್ದರೂ ಅದರ ಎಚ್‌ಡಿಎಂಐ ಪೋರ್ಟ್ ಎಚ್‌ಡಿಸಿಪಿ 2.2 ಒಪ್ಪಬೇಕು. ಇಲ್ಲದಿದ್ದರೆ ಆಪ್‌ಗಳು 4ಕೆ ಕೊಡೋದಿಲ್ಲ. ಕೆಲವು ಟೀವಿಗಳಲ್ಲಿ ಒಂದೆರಡು ಪೋರ್ಟಿಗೆ ಮಾತ್ರ ಆ ಸೌಲಭ್ಯ ಇರುತ್ತೆ.

ಇನ್ನೊಂದು ನಾನು ಮಾಡಿದ ತಪ್ಪು: ಪ್ಲಗ್ ಪಾಯಿಂಟ್ ದೂರ ಇದೆ ಅಂತ ಟೀವಿಯ ಯುಎಸ್‌ಬಿಯಿಂದಲೇ ಸ್ಟಿಕ್ಕಿಗೆ ಪವರ್ ಕೊಟ್ಟಿದ್ದೆ. ಹಳೇ ಟೀವಿಯ ಯುಎಸ್‌ಬಿ ಪೋರ್ಟ್ ಸಾಮಾನ್ಯವಾಗಿ ಕೊಡೋದು ಅರ್ಧ ಆಂಪಿಯರ್. ಸ್ಟಿಕ್ಕಿಗೆ ಅದು ಸಾಲಲ್ಲ, ಮಧ್ಯೆ ಮಧ್ಯೆ ತಾನಾಗಿ ರೀಸ್ಟಾರ್ಟ್ ಆಗುತ್ತೆ. ಜೊತೆಗೆ ಟೀವಿ ಆಫ್ ಮಾಡಿದರೆ ಸ್ಟಿಕ್ಕೂ ಆಫ್. ಪ್ರತಿ ಸಲ ಹಾಕಿದಾಗಲೂ ಒಂದು ನಿಮಿಷ ಲೋಗೋ ನೋಡ್ತಾ ಕೂರಬೇಕು. ಅಮ್ಮ ಆ ಒಂದು ನಿಮಿಷದಲ್ಲಿ "ಬರ್ತಿಲ್ಲ" ಅಂತ ಆಫ್ ಮಾಡಿಬಿಡ್ತಿದ್ದಳು. ಬಾಕ್ಸಿನ ಜೊತೆ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್ಗಿಗೆ ಹಾಕಿ. ಎಕ್ಸ್‌ಟೆನ್ಷನ್ ಬೋರ್ಡ್ ತಂದರೂ ಪರವಾಗಿಲ್ಲ.

ವೈ-ಫೈ ಗೋಡೆ ದಾಟುತ್ತಾ?

ನೆಟ್‌ಫ್ಲಿಕ್ಸ್ ಹೇಳೋ ಲೆಕ್ಕದಲ್ಲಿ 720ಪಿಗೆ 3 ಎಂಬಿಪಿಎಸ್, 1080ಪಿಗೆ 5, 4ಕೆಗೆ 15 ಎಂಬಿಪಿಎಸ್ ವೇಗ ಸಾಕು. ಅಂದರೆ ಊರಿನ ಫೈಬರ್ ಪ್ಲಾನ್ 30 ಎಂಬಿಪಿಎಸ್ ಆಗಿದ್ದರೂ ಧಾರಾಳ. ತೊಂದರೆ ಬರೋದು ರೂಟರಿನಿಂದ ಟೀವಿವರೆಗಿನ ದಾರಿಯಲ್ಲಿ. ರೂಟರ್ ಜಗಲಿಯಲ್ಲಿ, ಟೀವಿ ಒಳಗಿನ ಕೋಣೆಯಲ್ಲಿ, ನಡುವೆ ಕೆಂಪುಕಲ್ಲಿನ ದಪ್ಪ ಗೋಡೆ. 5 ಗಿಗಾಹರ್ಟ್ಸ್ ಸಿಗ್ನಲ್ ವೇಗದ್ದಾದರೂ ಗೋಡೆ ದಾಟೋದ್ರಲ್ಲಿ ಸೋಲುತ್ತೆ. 2.4 ನಿಧಾನ, ಆದರೆ ದೂರ ಹೋಗುತ್ತೆ. ಟೀವಿ ಇರೋ ಜಾಗದಲ್ಲೇ ಫೋನ್ ಹಿಡಿದು ಸ್ಪೀಡ್ ಟೆಸ್ಟ್ ಮಾಡಿ ನೋಡಿ, ಯಾವುದು ಚೆನ್ನಾಗಿ ಸಿಗುತ್ತೋ ಅದಕ್ಕೆ ಜೋಡಿಸಿ.

ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಟೀವಿ ನಡೆಸೋ ಯೋಚನೆ ಇದ್ದರೆ ಒಂದು ಲೆಕ್ಕ ಹಾಕಿ. ಎಚ್‌ಡಿಯಲ್ಲಿ ಗಂಟೆಗೆ 3 ಜಿಬಿವರೆಗೆ, 4ಕೆಯಲ್ಲಿ 7 ಜಿಬಿವರೆಗೆ ಡೇಟಾ ಹೋಗುತ್ತೆ. ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ ಒಂದು ಸಿನಿಮಾದ ಇಂಟರ್‌ವಲ್ಲೂ ಬರಲ್ಲ.

ಕರೆಂಟು ಪದೇ ಪದೇ ಹೋಗೋ ಊರಾದರೆ ರೂಟರಿಗೊಂದು ಚಿಕ್ಕ ಯುಪಿಎಸ್ ಹಾಕಿಸಿ. ಟೀವಿ ಇನ್ವರ್ಟರಿನಲ್ಲಿ ಓಡ್ತಿದ್ದರೂ ರೂಟರ್ ಸತ್ತಿದ್ದರೆ ಏನು ಪ್ರಯೋಜನ?

ಯಾವ ಧಾರಾವಾಹಿ ಯಾವ ಆಪ್‌ನಲ್ಲಿ

ಮನೆಯಲ್ಲಿ ಏನು ನೋಡ್ತಾರೆ ಅಂತ ಪಟ್ಟಿ ಮಾಡಿ, ಆಮೇಲೆ ಸಾಧನ ಆರಿಸಿ. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಜಿಯೋಹಾಟ್‌ಸ್ಟಾರ್‌ನಲ್ಲಿ, ಜೀ ಕನ್ನಡ ಜೀ5ನಲ್ಲಿ, ಉದಯ ಸನ್ ನೆಕ್ಸ್ಟ್‌ನಲ್ಲಿ. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ ಒಂದಾದಾಗ ಎಷ್ಟೋ ಮನೆಗಳಲ್ಲಿ "ನಮ್ಮ ಆಪ್ ಎಲ್ಲಿ ಹೋಯ್ತು?" ಅಂತ ಹುಡುಕಾಟ ನಡೆದಿದ್ದು ನಿಮಗೂ ನೆನಪಿರಬಹುದು. ನಿಮಗೆ ಬೇಕಾದ ಆಪ್‌ಗಳೆಲ್ಲ ಆ ಸಾಧನದಲ್ಲಿ ಸಿಗುತ್ತವಾ ಅಂತ ಮೊದಲೇ ನೋಡಿಕೊಳ್ಳಿ.

ಪ್ಲಾನ್ ವಿಷಯದಲ್ಲೂ ಹುಷಾರು. ನೆಟ್‌ಫ್ಲಿಕ್ಸಿನ ಮೊಬೈಲ್ ಪ್ಲಾನ್ ಫೋನ್ ಮತ್ತು ಟ್ಯಾಬ್‌ಗೆ ಮಾತ್ರ, ಟೀವಿಯಲ್ಲಿ ನಡೆಯಲ್ಲ. ಬೇರೆ ಆಪ್‌ಗಳಲ್ಲೂ ಪ್ಲಾನಿನ ಹೆಸರಿನಲ್ಲಿ "ಮೊಬೈಲ್" ಅಂತಿದ್ದರೆ ಎರಡು ಸಲ ಓದಿ. ಸ್ಟಿಕ್ ತಂದ ಮೇಲೆ ಪ್ಲಾನೂ ಏರಿಸಬೇಕಾಗಿ ಬಂದರೆ ತಿಂಗಳ ಲೆಕ್ಕವೇ ಬೇರೆಯಾಗುತ್ತೆ.

ಯಾರಿಗೆ ಯಾವುದು

ಫೋನಿನಲ್ಲೇ ಬೆಳೆದ ನಮ್ಮಂಥವರಿಗೆ ಸ್ಟಿಕ್ ಸಾಕು. ಅಮೆಜಾನ್ ಫೈರ್ ಟೀವಿ ಆಗಲಿ, ಗೂಗಲ್ ಟೀವಿ ಇರೋ ಶಿಯೋಮಿಯಂಥ ಸ್ಟಿಕ್ ಆಗಲಿ, ಬಾಡಿಗೆ ಮನೆ ಬದಲಿಸಿದಾಗ ಜೇಬಿನಲ್ಲಿ ಹಾಕ್ಕೊಂಡು ಹೋಗಬಹುದು. ಕಡಿಮೆ ಬೆಲೆಯ ಸ್ಟಿಕ್‌ಗಳಲ್ಲಿ ಸ್ಟೋರೇಜ್ ಬಹುಪಾಲು 8 ಜಿಬಿ. ಹತ್ತು ಆಪ್ ತುಂಬಿದರೆ ತೆವಳೋಕೆ ಶುರು ಮಾಡುತ್ತೆ, ಬೇಕಾದ ನಾಲ್ಕೈದನ್ನು ಮಾತ್ರ ಇಟ್ಟುಕೊಳ್ಳಿ. ನಿಮ್ಮ ಸ್ಮಾರ್ಟ್ ಟೀವಿ ಐದಾರು ವರ್ಷದ್ದಾಗಿ ನಿಧಾನ ಆಗಿದ್ದರೆ ಹೊಸ ಟೀವಿ ತರೋ ಮುಂಚೆ ಒಂದು ಸ್ಟಿಕ್ ಹಾಕಿ ನೋಡಿ. ಪರದೆ ಚೆನ್ನಾಗಿದ್ದರೆ ಟೀವಿಗೆ ಮತ್ತೆ ಜೀವ ಬರುತ್ತೆ.

ಮನೆಮಂದಿಯೆಲ್ಲ ಐಫೋನ್ ಹಿಡಿದಿರೋರಿಗೆ ಆಪಲ್ ಟೀವಿ 4ಕೆ ಇದೆ. ಚುರುಕು ನಿಜ, ಬೆಲೆ ಸ್ಟಿಕ್ಕಿನ ಹಲವು ಪಟ್ಟು. ಎಚ್‌ಡಿಎಂಐ ಕೇಬಲ್ ಕೂಡ ಬೇರೆ ಕೊಳ್ಳಬೇಕು.

2013ರಲ್ಲಿ ಬಂದ ಮೊದಲ ಕ್ರೋಮ್‌ಕಾಸ್ಟಿಗೆ ರಿಮೋಟೇ ಇರಲಿಲ್ಲ, ಫೋನೇ ರಿಮೋಟ್. ಕ್ರೋಮ್‌ಕಾಸ್ಟ್ ತಯಾರಿಕೆಯನ್ನು 2024ರಲ್ಲಿ ಗೂಗಲ್ ನಿಲ್ಲಿಸಿತು. ಯಾರಾದರೂ ಹಳೇದನ್ನು ಅಗ್ಗಕ್ಕೆ ಕೊಡ್ತೀನಿ ಅಂದರೆ ನಿಮ್ಮ ರೂಮಿಗೆ ತಗೊಳ್ಳಿ, ಊರಿಗೆ ಕಳಿಸಬೇಡಿ.

ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಬಾಕ್ಸಿನ ಹತ್ತಿರ ಹೋಗಲೇಬೇಡಿ. ನಮ್ಮ ಭಾವ "ಎಲ್ಲ ಚಾನೆಲ್ ಫ್ರೀ" ಅಂತ ನಂಬಿ ಒಂದು ತಂದರು. ದೊಡ್ಡ ಆಪ್‌ಗಳು ಸಾಧನಕ್ಕೆ ವೈಡ್‌ವೈನ್ ಎಲ್1 ಅನ್ನೋ ಭದ್ರತಾ ಮಟ್ಟ ಇದೆಯಾ ಅಂತ ನೋಡುತ್ತವೆ. ಇಲ್ಲದಿದ್ದರೆ ಎಚ್‌ಡಿ ಕೊಡಲ್ಲ. 43 ಇಂಚಿನ ಟೀವಿಯಲ್ಲಿ ಮಸುಕು ಮಸುಕು ಚಿತ್ರ. ಅದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಇಂಥ ಅಗ್ಗದ ಸ್ಟ್ರೀಮಿಂಗ್ ಸಾಧನಗಳಲ್ಲಿ ಮೊದಲೇ ಮಾಲ್‌ವೇರ್ ಸೇರಿಸಿ ಮಾರಲಾಗ್ತಿದೆ, ಅವು ಮನೆಯ ನೆಟ್‌ವರ್ಕಿಗೇ ಕನ್ನ ಹಾಕುತ್ತವೆ ಅಂತ 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಎಚ್ಚರಿಸಿತ್ತು. ಅದೇ ವೈ-ಫೈನಲ್ಲಿ ನೀವು ಬ್ಯಾಂಕ್ ಆಪ್ ತೆರೆಯೋದು, ನೆನಪಿರಲಿ.

ಇನ್ನು ಅಮ್ಮ-ಅಪ್ಪಂದಿರಿಗೆ. ಅವರು ನಲವತ್ತು ವರ್ಷ ಟೀವಿ ನೋಡಿದ್ದು ಚಾನೆಲ್ ಲೆಕ್ಕದಲ್ಲಿ. ಹಾಕಿದ ತಕ್ಷಣ ಏನಾದರೂ ಓಡ್ತಿರಬೇಕು. "ಏನು ನೋಡ್ತೀರಿ?" ಅಂತ ಟೀವಿ ತಿರುಗಿ ಪ್ರಶ್ನೆ ಕೇಳಬಾರದು. ಅಂಥವರಿಗಾಗಿ ಹೈಬ್ರಿಡ್ ಸೆಟ್ ಟಾಪ್ ಬಾಕ್ಸ್ ಇದೆ. ಏರ್‌ಟೆಲ್, ಟಾಟಾ ಪ್ಲೇ ಮೊದಲಾದ ಕಂಪನಿಗಳು ಇಂಥದ್ದನ್ನು ತಂದಿವೆ. ಡಿಶ್ ಚಾನೆಲ್ಲೂ ಬರುತ್ತೆ, ಇಂಟರ್ನೆಟ್ ಆಪ್‌ಗಳೂ ಬರುತ್ತವೆ. ಒಂದೇ ಬಾಕ್ಸ್, ನಂಬರ್ ಬಟನ್ ಇರೋ ಒಂದೇ ರಿಮೋಟ್.

ಅಮ್ಮನ ಮನೆಯಲ್ಲಿ ಈಗ

ನಾನು ಹಾಕಿಸಿದ್ದು ಅದನ್ನೇ. ಸ್ಟಿಕ್ಕನ್ನು ಬೆಂಗಳೂರಿಗೆ ತಂದೆ, ನಮ್ಮ ಟೀವಿಯಲ್ಲಿ ಚೆನ್ನಾಗೇ ಓಡ್ತಿದೆ. ತಪ್ಪು ಅದರದ್ದಾಗಿರಲಿಲ್ಲ.

ಹೈಬ್ರಿಡ್ ಬಾಕ್ಸನ್ನು ಎಚ್‌ಡಿಎಂಐ 1ಕ್ಕೇ ಹಾಕಿದೆ, ಕರೆಂಟು ಹೋಗಿ ಬಂದರೂ ಟೀವಿ ಅಲ್ಲಿಗೇ ಬಂದು ನಿಲ್ಲಲಿ ಅಂತ. ಟೀವಿಯ ಸೆಟಿಂಗ್ಸಿನಲ್ಲಿ ಎಚ್‌ಡಿಎಂಐ-ಸಿಇಸಿ ಆನ್ ಮಾಡಿದೆ. ಒಂದು ರಿಮೋಟಿನಿಂದಲೇ ಎರಡೂ ಆನ್-ಆಫ್ ಆಗೋ ವ್ಯವಸ್ಥೆ ಅದು. ಸ್ಯಾಮ್‌ಸಂಗಿನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್ ಅಂತ ಬೇರೆ ಬೇರೆ ಹೆಸರಿನಲ್ಲಿ ಇರುತ್ತೆ. ಎಷ್ಟೋ ಟೀವಿಗಳಲ್ಲಿ ಆಫ್ ಆಗೇ ಬಂದಿರುತ್ತೆ, ಯಾರೂ ಹುಡುಕೋಕೆ ಹೋಗಿರಲ್ಲ.

ಆಪ್‌ಗಳನ್ನು ಅಮ್ಮನ ಮೊಬೈಲ್ ನಂಬರಿನಲ್ಲೇ ಲಾಗಿನ್ ಮಾಡಿದೆ. ಒಟಿಪಿ ಬಂದರೆ ಅವಳ ಕೈಯಲ್ಲಿರೋ ಫೋನಿಗೇ ಬರುತ್ತೆ. ಒಟಿಪಿ ಯಾರಿಗೂ ಹೇಳಬಾರದು, ಟೀವಿ ಕೇಳಿದಾಗ ಮಾತ್ರ ಒತ್ತಬೇಕು ಅಂತ ನಾಲ್ಕು ಸಲ ಹೇಳಿಸಿದೆ. ರಿಮೋಟಿನ ಮೂರು ಬಟನ್ ಮೇಲೆ ನನ್ನ ಕೆಂಪು ನೇಲ್ ಪಾಲಿಶಿನ ಚುಕ್ಕೆ ಇಟ್ಟೆ: ಪವರ್, ಹೋಮ್, ಬ್ಯಾಕ್. ದಾರಿ ತಪ್ಪಿದರೆ ಹೋಮ್ ಒತ್ತು, ಏನೂ ಹಾಳಾಗಲ್ಲ ಅಂದೆ.

ಆಮೇಲೆ ಪ್ರೊಫೈಲ್. ಹೆಸರು ಏನಂತ ಹಾಕ್ಲಿ ಅಂತ ಕೇಳಿದೆ. "ಅಮ್ಮ ಅಂತ ಹಾಕು, ಸಾಕು" ಅಂದಳು. ಬೇಡ ಅಂತ ಅವಳ ಪೂರ್ತಿ ಹೆಸರನ್ನೇ ಕನ್ನಡದಲ್ಲಿ ಬರೆದೆ. ಪರದೆ ಮೇಲೆ ಅದನ್ನು ನೋಡಿ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದಳು. ಏನೂ ಹೇಳಲಿಲ್ಲ.

ಈ ಸಲ ನಾನು ಏನೂ ತೋರಿಸಲಿಲ್ಲ. ಕೈಕಟ್ಟಿ ಕೂತೆ. ಆಫ್ ಮಾಡಿ ಆನ್ ಮಾಡಿದಳು, ಚಂದನ ಹಾಕಿದಳು, ಆಪ್ ತೆರೆದು ಧಾರಾವಾಹಿ ಹುಡುಕಿದಳು, ತಪ್ಪಿದಳು, ಹೋಮ್ ಒತ್ತಿದಳು, ಮತ್ತೆ ಹುಡುಕಿದಳು. ಎಲ್ಲ ಸೇರಿ ಮುಕ್ಕಾಲು ಗಂಟೆ. ಮೂರು ಸಲ ನನ್ನ ಕೈ ರಿಮೋಟಿನ ಕಡೆ ಹೋಗಿತ್ತು, ಹಿಂದೆ ತಗೊಂಡೆ. ಜುಲೈನಲ್ಲೇ ಈ ಮುಕ್ಕಾಲು ಗಂಟೆ ಕೊಟ್ಟಿದ್ದರೆ ಅವಳ ಮೂರೂವರೆ ತಿಂಗಳು ಉಳೀತಿತ್ತು.

ಈಗ ಚಾನೆಲ್ ನಂಬರುಗಳನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದಾಳೆ. ಮಳೆಗೆ ಡಿಶ್ ಹೋದರೆ ಅವಳೇ ಆಪ್‌ಗೆ ಹೋಗಿ ನೋಡ್ತಾಳೆ. ಚಂದನದ "ಥಟ್ ಅಂತ ಹೇಳಿ"ಯ ಪ್ರಶ್ನೆಗಳನ್ನು ಫೋನಿನಲ್ಲಿ ನನಗೆ ಕೇಳಿ, ಉತ್ತರ ಗೊತ್ತಿಲ್ಲ ಅಂದರೆ "ಎಂಜಿನಿಯರಿಂಗ್ ಓದಿ ಏನ್ ಬಂತು?" ಅಂತಾಳೆ.

ಅದಕ್ಕೇ ನಿಮ್ಮಲ್ಲಿ ಒಂದು ಮಾತು. ಆಫರ್ ನೋಡೋ ಮುಂಚೆ, ರಿವ್ಯೂ ನೋಡೋ ಮುಂಚೆ, ದಿನಾ ಆ ರಿಮೋಟ್ ಹಿಡಿಯೋ ಕೈ ಯಾರದು ಅಂತ ಕೇಳ್ಕೊಳ್ಳಿ. ತಂದುಕೊಟ್ಟ ಮೇಲೆ "ಚೆನ್ನಾಗಿದ್ಯಾ?" ಅಂತ ಫೋನಿನಲ್ಲಿ ಕೇಳಬೇಡಿ. ಚೆನ್ನಾಗಿದೆ ಅಂತಲೇ ಹೇಳ್ತಾರೆ. ಪಕ್ಕದಲ್ಲಿ ಕೂತು ನೋಡಿ.

ಮೊನ್ನೆ ರಾತ್ರಿ ಎಂದಿನಂತೆ ಒಂಬತ್ತಕ್ಕೆ ಫೋನ್ ಮಾಡಿದೆ. ಹಿಂದೆ ಯಾರೋ ಜೋರಾಗಿ ಅಳ್ತಿದ್ದ ಸದ್ದು, ಅದರ ಮೇಲೆ ವಯಲಿನ್ನು.

"ಪುಟ್ಟಿ, ಹತ್ತು ನಿಮಿಷ ಬಿಟ್ಟು ಮಾಡ್ತೀನಿ ಇರು" ಅಂತ ಅಮ್ಮ ಫೋನಿಟ್ಟಳು.